ವಾರಕ್ಕೊಮ್ಮೆಯ ಮಾತ್ರೆ

ಕೊಚ್ಚಿಯ ಆ ಖಾಸಗಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಅಂದು ಬೆಳಿಗ್ಗೆ ದಿಶಾಳ ಕೈಗೆ ಬಂದ ಚೀಟಿ ಸಾಧಾರಣದ್ದೇ. ಸಂಧಿವಾತದ ಹೆಂಗಸೊಬ್ಬಳು ಮನೆಗೆ ಹೊರಟಿದ್ದಳು. ಅವಳಿಗೆ ಮೆಥೊಟ್ರೆಕ್ಸೇಟ್ ಮಾತ್ರೆ ಕೊಡಬೇಕಿತ್ತು. ವಾರಕ್ಕೆ ಒಂದೇ ದಿನ ನುಂಗಬೇಕಾದ ಮಾತ್ರೆ ಅದು. ದಿನವೂ ನುಂಗಿದರೆ ಮದ್ದೇ ವಿಷವಾಗುತ್ತದೆ. ಬಾಯಿ ಹುಣ್ಣಾಗುತ್ತದೆ, ಸೋಂಕು ತಡೆಯುವ ರಕ್ತದ ಬಿಳಿಕಣಗಳು ಇಳಿಯುತ್ತವೆ, ಸಣ್ಣ ಸೋಂಕೂ ಜೀವ ತೆಗೆಯಬಹುದು.

ದಿಶಾ ಮಾತ್ರೆಯ ಹೆಸರು ಟೈಪ್ ಮಾಡಿದಳು. ಹೊಸ ಸಾಫ್ಟ್‌ವೇರ್ ತಾನಾಗಿಯೇ ಪಕ್ಕದಲ್ಲಿ ‘ದಿನಕ್ಕೊಮ್ಮೆ’ ಎಂದು ತುಂಬಿಕೊಂಡಿತು.

ಅವಳು ಅಳಿಸಿದಳು. ಮತ್ತೆ ಟೈಪ್ ಮಾಡಿದಳು. ಮತ್ತೆ ‘ದಿನಕ್ಕೊಮ್ಮೆ’.

ಈ ಸಾಫ್ಟ್‌ವೇರ್ ಬಂದ ಮೇಲೆ ಇದೇ ಮಾತ್ರೆ ಇನ್ಯಾರಿಗೆ ಹೋಗಿದೆ? ಹುಡುಕಿದಾಗ ಒಂದೇ ಹೆಸರು ಸಿಕ್ಕಿತು: ವೀರಭದ್ರ, ಊರು ತಿರುವನಂತಪುರ. ಕೊಚ್ಚಿ ಹತ್ತಿರದ ಅಂಬಲಮುಗಳ್‌ನ ಮಗಳ ಮನೆಗೆ ಬಂದಿದ್ದಾಗ ಕೀಲುನೋವು ಜೋರಾಗಿ ದಾಖಲಾಗಿದ್ದವರು. ಬಿಡುಗಡೆಯಾಗಿ ತಮ್ಮೂರಿಗೆ ಮರಳಿ ವಾರವಾಗುತ್ತ ಬಂದಿತ್ತು. ಲೇಬಲ್‌ನಲ್ಲಿ ‘ದಿನಕ್ಕೊಮ್ಮೆ’ ಎಂದೇ ಇತ್ತು. ಎರಡನೆಯ ಬಾರಿ ಪರಿಶೀಲಿಸಿದವರ ಹೆಸರಿನ ಜಾಗದಲ್ಲಿ ಇದ್ದದ್ದು ‘ದಿಶಾ’.

ಆ ಮಾತ್ರೆ ಕೊಟ್ಟ ದಿನ ಕೌಂಟರಿನ ಮುಂದೆ ಜನ ಮುಗಿಬಿದ್ದಿದ್ದರು. ಅವಳು ಲೇಬಲನ್ನು ಕಂಪ್ಯೂಟರಿನ ಜೊತೆ ತಾಳೆ ನೋಡಿದ್ದಳು, ಡಾಕ್ಟರು ಬರೆದ ಚೀಟಿಯ ಜೊತೆಯಲ್ಲ. ಎರಡೂ ಒಂದೇ ತಪ್ಪನ್ನು ಹೇಳುತ್ತಿದ್ದವು. ಅವಳು ಸರಿಯಿದೆ ಎಂದುಬಿಟ್ಟಿದ್ದಳು.

ಎದುರಿಗಿದ್ದ ಚೀಟಿಯನ್ನು ತಡೆಹಿಡಿದು ಅವಳು ಮುಖ್ಯ ಫಾರ್ಮಸಿಸ್ಟ್ ಜುಬೈದಾ ಮೇಡಂ ಬಳಿ ಓಡಿದಳು. ಮೇಡಂ ಕೇಳಿಸಿಕೊಂಡು, ಬಣ್ಣಗೆಟ್ಟ ಮುಖದಲ್ಲಿ ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿದರು. ಫೋನ್ ಇಟ್ಟು ಮಲಯಾಳದಲ್ಲಿ, “ವಕೀಲರ ಜೊತೆ ಮಾತಾಡುವವರೆಗೆ ರೋಗಿಗೆ ಯಾರೂ ಏನೂ ಹೇಳಬಾರದಂತೆ. ಮಧ್ಯಾಹ್ನ ಮೀಟಿಂಗ್,” ಎಂದರು.

“ಮಧ್ಯಾಹ್ನದೊಳಗೆ ಅವರು ಇವತ್ತಿನದ್ದೂ ನುಂಗಿಬಿಡ್ತಾರೆ, ಮೇಡಂ.”

ದಿಶಾ ಅಲ್ಲೇ ನಿಂತು ತನ್ನ ಮೊಬೈಲ್ ತೆಗೆದಳು. ಕಡತದಲ್ಲಿದ್ದ ಮೊದಲ ನಂಬರು ಮಗಳು ಪಾವನಾಳದ್ದು; ಅವಳು ರಿಫೈನರಿಯ ಎಂಜಿನಿಯರ್. ಸ್ಥಾವರದೊಳಕ್ಕೆ ಮೊಬೈಲ್ ಒಯ್ಯುವಂತಿಲ್ಲ. ಫೋನ್ ಸ್ವಿಚ್ ಆಫ್ ಆಗಿತ್ತು. ಎರಡನೆಯದು ವೀರಭದ್ರರದ್ದೇ. ಕಡತದಲ್ಲಿ ಭಾಷೆ ಕನ್ನಡ ಎಂದಿತ್ತು; ಅದು ಅವಳದೂ ಹೌದು.

“ಸರ್, ಆಸ್ಪತ್ರೆಯಿಂದ ಮಾತಾಡ್ತಾ ಇದ್ದೇನೆ. ನಿಮ್ಮ ಮಾತ್ರೆಯ ವಿಷಯ—”

“ಯಾವ ಆಸ್ಪತ್ರಿ? ಮುಂದ ಓಟಿಪಿ ಕೇಳಾವ್ರಲ್ಲಾ ನೀವು?” ಧ್ವನಿ ತೊದಲುತ್ತಿತ್ತು, ಆದರೆ ಖಾರ ಕಡಿಮೆಯಿರಲಿಲ್ಲ. “ಮೊದಲು ಹಿಂದಿಯೊಳಗ ಬರ್ತಿದ್ರಿ, ಈಗ ಕನ್ನಡದಾಗೂ ಶುರು ಹಚ್ಚೀರಿ? ಇಡ್ರಿ ಫೋನು!”

ಮತ್ತೆ ಮಾಡಿದರೆ ಹೋಗಲಿಲ್ಲ. ನಂಬರನ್ನು ಬ್ಲಾಕ್ ಮಾಡಿದ್ದರು.

ದಿಶಾ ತಲೆ ಎತ್ತಿದಳು. ಜುಬೈದಾ ಮೇಡಂ ಕಿಟಕಿಯತ್ತ ನೋಡುತ್ತಿದ್ದರು. ಇಪ್ಪತ್ತು ವರ್ಷ ಹೆಸರು ಕೆಡಿಸಿಕೊಳ್ಳದೆ ದುಡಿದವರು. ಅವರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ತಮ್ಮ ಫೋನಿನ ಲಾಕ್ ತೆಗೆದು ಮೇಜಿನ ಮೇಲೆ ಅವಳತ್ತ ಸರಿಸಿದರು.

“ಬೇಗ,” ಎಂದರು.

ಈ ಬಾರಿ ದಿಶಾ ಆಸ್ಪತ್ರೆಯ ಹೆಸರು ಹೇಳಲಿಲ್ಲ, ತನ್ನ ಹೆಸರೂ ಹೇಳಲಿಲ್ಲ. ಅತ್ತಲಿಂದ “ಹಲೋ” ಕೇಳಿದ್ದೇ ತಡ, “ಸರ್, ನಿಮ್ಮ ಬಾಯೊಳಗೆ ಹುಣ್ಣಾಗಿದೆಯಾ?” ಎಂದಳು.

ಅವರು ಫೋನ್ ಇಡಲಿಲ್ಲ.

“ಆಗ್ಯಾವ,” ಎಂದರು ವೀರಭದ್ರ ನಿಧಾನವಾಗಿ. “ನೀರು ಕುಡ್ಯಾಕೂ ಆಗವಲ್ದು. ನಿಮಗ ಹ್ಯಾಂಗ ಗೊತ್ತಾತು?”

“ಆ ಸಣ್ಣ ಹಳದಿ ಮಾತ್ರೆಯಿಂದ ಸರ್. ವಾರಕ್ಕೊಮ್ಮೆ ತಗೊಳ್ಳಬೇಕಾದ್ದು. ನಾವು ದಿನಾ ಅಂತ ಬರೆದು ಕೊಟ್ಟಿದ್ದೇವೆ. ಇವತ್ತಿಂದು ತಗೊಂಡ್ರಾ?”

ಫೋನ್ ಕೈ ಬದಲಾಯಿತು. “ನಾನು ಅವರ ಮನೆಯಾಕಿ, ಕಮಲ. ಏನಂದ್ರಿ ಈಗ? ಅಂಬಲಿ ಕುಡಿಸಿ ಮಾತ್ರಿ ಕೊಡಬೇಕಂತ ಕೈಯಾಗ ಹಿಡಕೊಂಡು ನಿಂತೀನಿ.”

“ಕೊಡಬೇಡಿ ಅಮ್ಮ! ಕೆಳಗಿಡಿ. ಜ್ವರ ಉಂಟಾ?”

“ನಿನ್ನೆಯಿಂದ ಮೈ ಸುಡ್ತದ. ಹವಾ ಬದಲಾಗಿ ಬಂದದ ಅಂತ ತಿಳಿದಿದ್ವಿ.”

ದಿಶಾಳಿಗೆ ಅರ್ಥವಾಯಿತು: ಬಾಯಿಹುಣ್ಣಿನ ಜೊತೆಗೆ ಜ್ವರವೂ ಬಂದಿದೆಯೆಂದರೆ ರಕ್ತದ ಬಿಳಿಕಣ ಇಳಿದಿರಬೇಕು. “ಈಗಲೇ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ. ಆ ಮಾತ್ರೆ ಸಮೇತ. ಇದಕ್ಕೆ ಪ್ರತಿಮದ್ದು ಉಂಟು, ಇಂಜೆಕ್ಷನ್. ನೀವು ತಲುಪೋದರೊಳಗೆ ಅಲ್ಲಿಯ ಡಾಕ್ಟರ್ ಹತ್ರ ನಾವು ಮಾತಾಡಿರ್ತೇವೆ.”

“ಯಾರು ಮಾಡಿದ್ದು ಇದನ್ನ?” ಎಂದರು ಕಮಲ.

ದಿಶಾಳ ಮುಖ ನೋಡಿಯೇ ಪ್ರಶ್ನೆ ಏನೆಂದು ಊಹಿಸಿದ ಜುಬೈದಾ ಬೇಡವೆಂಬಂತೆ ಕೈ ಎತ್ತಿದರು. ದಿಶಾ ನೋಡಿಯೂ ನೋಡದವಳಂತೆ, “ಲೇಬಲ್ ನೋಡಿ ಸರಿ ಅಂತ ಬಿಟ್ಟದ್ದು ನಾನೇ ಅಮ್ಮ. ಆಮೇಲೆ ಬೈಯಿರಿ. ಈಗ ಹೊರಡಿ,” ಎಂದಳು.

ಆಮೇಲಿನದ್ದೆಲ್ಲ ಫೋನಿನ ಮೇಲೆಯೇ ನಡೆಯಿತು. ಜುಬೈದಾ, ಕಮಲ ಹೇಳಿದ ತಿರುವನಂತಪುರದ ಆಸ್ಪತ್ರೆಗೆ ತಾವೇ ಫೋನ್ ಮಾಡಿ ಇಂಜೆಕ್ಷನ್ ಇದೆಯೆಂದು ಖಚಿತ ಮಾಡಿಕೊಂಡರು. ದಿಶಾ ರಿಫೈನರಿಯ ಗೇಟಿಗೆ ಫೋನ್ ಹಚ್ಚಿ, ಕಾಡಿ ಬೇಡಿ ಪಾವನಾಳನ್ನು ಹೊರಕ್ಕೆ ಕರೆಸಿದಳು. ಚಾಲೈ ಪೇಟೆಯ ಇಕ್ಕಟ್ಟಿನಲ್ಲಿ ಆಟೋ ಸಿಕ್ಕಿಕೊಂಡಿದೆಯೆಂದು ಕಮಲ ಅಳುತ್ತ ಹೇಳಿದಾಗ ಇಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ಕುಳಿತರು. ಒಳಗೆ ಸೇರಿಸಿಕೊಂಡರು ಎಂಬ ಸುದ್ದಿ ಬಂದಾಗ ಜುಬೈದಾ ಮೇಜಿಗೆ ತಲೆಯಾನಿಸಿದರು. ಬಿಳಿಕಣಗಳು ಅಪಾಯದ ಮಟ್ಟಕ್ಕೆ ಇಳಿದಿದ್ದವು. ಇನ್ನೆರಡು ದಿನ ತಡವಾಗಿದ್ದರೆ ಏನೂ ಹೇಳಲಾಗುತ್ತಿರಲಿಲ್ಲ ಎಂದರಂತೆ ಅಲ್ಲಿಯ ಡಾಕ್ಟರು.

ಮಧ್ಯಾಹ್ನದ ಮೀಟಿಂಗಿನಲ್ಲಿ ದಿಶಾಳಿಂದ ವಿವರಣೆ ಕೇಳಿದರು. “ನನ್ನನ್ನೂ ಕೇಳಿ. ಆ ಕರೆ ಹೋದ ಫೋನ್ ನನ್ನದು,” ಎಂದರು ಜುಬೈದಾ. ಇಬ್ಬರ ಕೆಲಸವೂ ಹೋಗಲಿಲ್ಲ. ಸಂಜೆಯೊಳಗೆ ಸಾಫ್ಟ್‌ವೇರಿನಿಂದ ಆ ‘ದಿನಕ್ಕೊಮ್ಮೆ’ಯನ್ನು ತೆಗೆಸಿದರು. ಲೇಬಲ್‌ನಲ್ಲಿ ವಾರದ ಯಾವ ದಿನ ಎಂದು ಬರೆಯದೆ ಆ ಮಾತ್ರೆ ಕೌಂಟರು ದಾಟಬಾರದೆಂದೂ, ಎರಡನೆಯವರು ಡಾಕ್ಟರ ಚೀಟಿಯನ್ನೇ ನೋಡಬೇಕೆಂದೂ ನಿಯಮವಾಯಿತು.

ಮುಂದಿನ ವಾರವಿಡೀ ದಿಶಾ ದಿನವೂ ಪಾವನಾಳಿಗೆ ಫೋನ್ ಮಾಡಿ ರಕ್ತದ ವರದಿ ಕೇಳುತ್ತಿದ್ದಳು. ಕಣಗಳು ಏರತೊಡಗಿದವು ಎಂದು ತಿಳಿದ ಮೇಲೆ ರಜೆ ಹಾಕಿ ತಿರುವನಂತಪುರದ ರೈಲು ಹತ್ತಿದಳು.

ಆಸ್ಪತ್ರೆಯ ಕೋಣೆಯಲ್ಲಿ ವೀರಭದ್ರ ದಿಂಬಿಗೊರಗಿ ಕುಳಿತಿದ್ದರು. ತುಟಿಯ ಮೇಲೆ ಕಪ್ಪು ಹಕ್ಕಳೆ. ಬಾಹ್ಯಾಕಾಶ ಕೇಂದ್ರದಲ್ಲಿ ಆಯುಷ್ಯ ಕಳೆದ ಮನುಷ್ಯ, ಅವಳನ್ನು ತಲೆಯಿಂದ ಕಾಲವರೆಗೆ ನೋಡಿದರು.

“ನಿನಗ ಬೈಬೇಕಂತ ಭಾಳ ಮಾತು ಜೋಡಿಸಿ ಇಟ್ಟಿದ್ನಿ. ಬಾಯಿ ಹರದದ, ಆಡ್ಲಿಕ್ಕೆ ಬರವಲ್ದು.”

“ಗುಣ ಆದ ಮೇಲೆ ಫೋನ್ ಮಾಡಿ ಬೈಯಿರಿ ಸರ್. ನಾನು ಎತ್ತುತ್ತೇನೆ.”

ಅವರು ನಗಲಿಲ್ಲ. “ನಮ್ಮಲ್ಲಿ ರಾಕೆಟ್ ಹಾರೂ ಮುಂಚೆ ಒಬ್ಬ ‘ನಿಲ್ಲಿಸ್ರಿ’ ಅಂದ್ರ ಎಲ್ಲಾ ನಿಲ್ತದ. ಯಾಕ ಅಂತ ಆಮ್ಯಾಲ ಕೇಳ್ತಾರ. ನಿಮ್ಮಲ್ಲಿ ಆ ಪದ್ಧತಿ ಇಲ್ಲೇನು?”

“ಈಗ ಶುರು ಮಾಡಿದ್ದೇವೆ.”

“ಈಗ?” ಎಂದು ಅವರು ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡರು.

ದಿಶಾ ಎದ್ದು ನಿಂತಳು. ಕಮಲ ಅವಳ ಜೊತೆ ಲಿಫ್ಟಿನವರೆಗೂ ಬಂದರು. ಬಾಗಿಲು ತೆರೆದಾಗ ಅವಳ ತೋಳು ಹಿಡಿದು ನಿಲ್ಲಿಸಿ, “ಊಟ ಆಗೇದೇನವಾ?” ಎಂದು ಕೇಳಿದರು.