ಆರು ಸೀಸೆ ಆಸಿಡ್

ಮಹಾಲಯ ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ನುಗ್ಗೇಹಳ್ಳಿಯಿಂದ ಗಿರಿಧರ ಅನ್ನುವವರು ಫೋನ್ ಮಾಡಿದರು. ಹಬ್ಬ ಹತ್ತಿರ ಬಂದಾಗ ನನಗೆ ಫೋನ್ ಬರುವುದು ಮಾಮೂಲು. ಮಕ್ಕಳು ಮೊಮ್ಮಕ್ಕಳು ಬಂದು ಮನೆ ತುಂಬುತ್ತದೆ, ಮನೆ ತುಂಬಿದರೆ ಗುಂಡಿ ತುಂಬುತ್ತದೆ, ಆಗ ದೇವರಿಗಿಂತ ಮೊದಲು ಗೌತಮ ನೆನಪಾಗುತ್ತಾನೆ. ನಾನು ಪಂಚಾಯಿತಿಯ ಸಕ್ಕಿಂಗ್ ಗಾಡಿಯಲ್ಲಿ ಕೆಲಸ ಮಾಡುವವನು. ಪಾಯಿಖಾನೆ ಗುಂಡಿಗೆ ಪೈಪು ಇಳಿಬಿಟ್ಟು, ಗಾಡಿಯ ಟ್ಯಾಂಕಿಗೆ ಹೀರಿಸಿ, ಊರಾಚೆ ಒಣಗಿಸುವ ಕಟ್ಟೆಗಳಿಗೆ ಸುರಿದು ಬರುವುದು ನಮ್ಮ ಉದ್ಯೋಗ.

"ತಿರುನಾರಾಯಣ ಅವರ ಮನೆ ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ" ಅಂದರು.

ತೋರಿಸಬೇಕಾಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮಣ್ಣ ಶಾಂತರಾಜು ಸತ್ತದ್ದು ಆ ಮನೆಯ ಗುಂಡಿಯಲ್ಲೇ. ನಾನು ಅವನ ತಮ್ಮ ಅನ್ನುವುದು ಗಿರಿಧರ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

"ಬತ್ತೀನಿ ಸಾ" ಅಂದೆ. ಸಂಕಟ ಆಯಿತೇ ಅಂತ ಕೇಳಬೇಡಿ. ಆಗಲಿಲ್ಲ. ನನಗೆ ಹಾಗೆಲ್ಲ ಆಗುವುದು ನಿಂತು ಬಹಳ ದಿನವಾಯಿತು. ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ಮೂಗು ಹೋಯಿತು. ಮಲ್ಲಿಗೆಯೂ ಒಂದೇ, ಮಲವೂ ಒಂದೇ. ಮೂಗಿನ ಹಿಂದೆಯೇ ಇನ್ನೂ ಏನೇನೋ ಹೋದವು.

ಅಣ್ಣನ ಕಾಲದಲ್ಲಿ ನಮ್ಮ ಕಡೆ ಗಾಡಿ ಇರಲಿಲ್ಲ. ಬಕೆಟ್ಟು, ಹಗ್ಗ, ಮನುಷ್ಯ, ಅಷ್ಟೇ. ಅವನ ಜೊತೆಗಾರ ಚಿಕ್ಕಯ್ಯ. ಕುಡಿಯದೆ ಗುಂಡಿಗೆ ಇಳಿಯುವ ಮಹಾನುಭಾವರು ಕಡಿಮೆ, ಅಣ್ಣನೂ ಕುಡಿಯುತ್ತಿದ್ದ. ಮಗಳು ಶೋಭಿತಾ ಹುಟ್ಟಿದ ಮೇಲೆ ಒಂದು ದಿನ ಅವಳ ತಲೆ ಮೇಲೆ ಕೈಯಿಟ್ಟು, ಅವ್ವನ ಎದುರಿಗೆ, ಇನ್ನು ಮುಟ್ಟಲ್ಲ ಅಂತ ಆಣೆ ಮಾಡಿದ. ಆರು ವರ್ಷ ಮುಟ್ಟಲಿಲ್ಲ. ಅವನು ಸತ್ತ ದಿನ ಗುಂಡಿಯ ಪಕ್ಕದಲ್ಲಿ ಖಾಲಿ ಕ್ವಾರ್ಟರ್ ಸೀಸೆ ಸಿಕ್ಕಿತು. ಕುಡಿದಿದ್ದ, ಕಾಲು ಜಾರಿ ಬಿದ್ದ ಅಂತ ಊರು ತೀರ್ಮಾನ ಮಾಡಿತು. ಪೊಲೀಸಿನವರ ಕಾಗದದಲ್ಲೂ ಕಾಲು ಜಾರಿತು ಅಂತಲೇ ಬಂತು. ನಿಜ ಹೇಳಬೇಕಾಗಿದ್ದ ಚಿಕ್ಕಯ್ಯ ಆ ವಾರವೇ ಊರು ಬಿಟ್ಟು ಹೋದ.

ನಮ್ಮವ್ವ ಬೆಟ್ಟಮ್ಮ ಊರಿನ ಮಾತನ್ನೇ ನಂಬಿದಳು. ಮಗ ಸತ್ತದ್ದನ್ನು ಹೇಗೋ ನುಂಗಿಕೊಂಡಳು, ಆಣೆ ಮುರಿದದ್ದನ್ನು ನುಂಗಲಾಗಲಿಲ್ಲ. ಮಗಳ ತಲೆ ಮುಟ್ಟಿ ಇಟ್ಟ ಆಣೆ ಮುರಿದರೆ ಅದು ಮಗಳಿಗೇ ತಟ್ಟುತ್ತದೆ ಅನ್ನುವುದು ಅವಳ ಭಯ. ಶೋಭಿತಾಗೆ ಜ್ವರ ಬಂದಾಗಲೆಲ್ಲ ಅಣ್ಣನ ಫೋಟೋದ ಮುಂದೆ ನಿಂತು ಬೈಯುತ್ತಾಳೆ. ನಾಲ್ಕು ವರ್ಷದಿಂದ ಆ ಕೂಸಿನ ತಲೆ ಮುಟ್ಟಿಲ್ಲ. ಎಣ್ಣೆ ಹಚ್ಚಬೇಕಾದರೂ, ಜಡೆ ಹಾಕಬೇಕಾದರೂ ಅತ್ತಿಗೆ ಭಾನುಪ್ರಿಯಾ ಕೂಲಿ ಮುಗಿಸಿಕೊಂಡು ಬರಬೇಕು.

ಇನ್ನು ಎಡೆ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ ಇದ್ದಾನೆ, ಅಂಬೇಡ್ಕರ್ ಇದ್ದಾರೆ. ಸತ್ತವರಿಗೆ ಎಡೆ ಇಡುವುದನ್ನು ಕೇರಿಯಲ್ಲಿ ಎಷ್ಟೋ ಮನೆಯವರು ಬಿಟ್ಟಿದ್ದಾರೆ. ಅವ್ವ ಬಿಟ್ಟಿಲ್ಲ. ಅಮಾವಾಸ್ಯೆ ದಿನ ಅಪ್ಪ ದ್ಯಾವಯ್ಯನಿಗೆ ಕಜ್ಜಾಯ ಮತ್ತು ಬೀಡಿ. ಅಣ್ಣನಿಗೆ ಒಂದು ಕ್ವಾರ್ಟರ್. ಬೇರೆ ಮನೆಗಳಲ್ಲಿ ಪ್ರೀತಿಯಿಂದ ಇಡುತ್ತಾರೆ, ಇವಳು ಸಿಟ್ಟಿನಿಂದ ಇಡುತ್ತಾಳೆ. "ಕುಡಿ. ಇದ್ಕೇ ತಾನೆ ನಿನ್ ಜೀವ ಓಗಿದ್ದು" ಅನ್ನುತ್ತಾಳೆ.

ಮಾರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಗಾಡಿ ನುಗ್ಗೇಹಳ್ಳಿ ಸೇರಿತು. ಡ್ರೈವರ್ ರುದ್ರಯ್ಯ ಹಿಂದಿನ ಓಣಿಯಲ್ಲಿ ನಿಲ್ಲಿಸಿದ. ಹಿತ್ತಲಲ್ಲಿ ನಾಲ್ಕು ತೆಂಗಿನಮರ, ಒಗೆಯುವ ಕಲ್ಲು, ಅದರ ಪಕ್ಕಕ್ಕೆ ಗುಂಡಿಯ ಚಪ್ಪಡಿ. ಹಾರೆ ತೆಗೆದುಕೊಂಡು ಚಪ್ಪಡಿಯ ಸಂದಿಗೆ ಕೊಡುವಷ್ಟರಲ್ಲಿ ಮನೆಯ ಹಿರಿಯಮ್ಮ ಕನಕಲಕ್ಷ್ಮಿಯವರು ಹಿತ್ತಿಲ ಬಾಗಿಲಿಗೆ ಬಂದರು. ಎಪ್ಪತ್ತು ದಾಟಿದೆ. ಯಜಮಾನರು ತಿರುನಾರಾಯಣ ಹೋಗಿ ಎರಡು ವರ್ಷ ಆಯಿತಂತೆ, ಈಗ ಮನೆ ನೋಡಿಕೊಳ್ಳುವುದು ಮಗ ಗಿರಿಧರ.

"ಬಂದ್ಯೇನಪ್ಪಾ. ನಿಧಾನವಾಗಿ ತೆಗಿ. ನಿನಗೆ ವಾಸನೆ ಹೊಡೀಬಾರದು ಅಂತ ಬೆಳಗ್ಗೇನೇ ಪಾಯಿಖಾನೆ ಒಳಗೆ ಆರು ಸೀಸೆ ಆಸಿಡ್ ಹುಯ್ದಿದೀನಿ" ಅಂದರು. ಮುಖದಲ್ಲಿ ಉಪಕಾರ ಮಾಡಿದವರ ಸಮಾಧಾನ ಇತ್ತು.

ಹಾರೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ.

ಈ ಗಾಡಿಗೆ ಸೇರುವ ಮುಂಚೆ ನಮಗೆ ಹಾಸನದಲ್ಲಿ ಎರಡು ದಿನ ತರಬೇತಿ ಕೊಟ್ಟಿದ್ದರು. ಅನಿಲ್‌ಕುಮಾರ್ ಅಂತ ಒಬ್ಬರು ಪಾಠ ಮಾಡಿದವರು. ಬೇರೆಲ್ಲ ಮರೆತರೂ ಅವರ ಒಂದು ಮಾತು ನೆನಪಿತ್ತು. ಮುಚ್ಚಿದ ಗುಂಡಿಯಲ್ಲಿ ವಿಷಗಾಳಿ ಮೊದಲೇ ಇರುತ್ತದೆ, ಅದಕ್ಕೆ ಆಸಿಡ್ ಬಿದ್ದರೆ ಇನ್ನೂ ಎದ್ದು ಬರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ, ಆಮೇಲೆ ಏನೂ ಇಲ್ಲ. ವಾಸನೆ ಹೋಯಿತು ಅಂತ ಇಳಿದೀರಿ, ವಾಸನೆ ಹೋಗಿರುವುದಿಲ್ಲ, ನಿಮ್ಮ ಮೂಗು ಸತ್ತಿರುತ್ತದೆ, ಎರಡು ಉಸಿರಿಗೆ ನೀವೂ ಸಾಯುತ್ತೀರಿ ಅಂದಿದ್ದರು.

"ಅಮ್ಮಾವ್ರೇ, ಎಲ್ರೂನೂ ಮುಂದ್ಲು ಬಾಗ್ಲಿಗೆ ಕರ್ಕೊಂಡು ಓಗಿ. ರುದ್ರಣ್ಣ, ನೀನೂ ಈ ಕಡೆ ಬರ್ಬ್ಯಾಡ" ಅಂದೆ.

ಗಾಳಿ ಬರುವ ಕಡೆಗೆ ಬೆನ್ನು ಕೊಟ್ಟು, ಉದ್ದನೆಯ ಕೊಕ್ಕೆಯಲ್ಲಿ ಚಪ್ಪಡಿ ಎಳೆದು, ತೆರೆದೇ ಬಿಟ್ಟು ಬಂದೆ. ಗಾಳಿಯಾಡುವ ತನಕ ಕಾಯಬೇಕು. ಮುಂಬಾಗಿಲ ಜಗಲಿಯ ತುದಿಯಲ್ಲಿ ಕೂತೆ. ಕನಕಲಕ್ಷ್ಮಿಯವರು ಮಜ್ಜಿಗೆ ತಂದು ಕೊಟ್ಟರು, ಪೇಪರ್ ಲೋಟದಲ್ಲಿ. ಪೇಪರ್ ಲೋಟ ಬಂದ ಮೇಲೆ ಇಂಥ ಮನೆಗಳಲ್ಲಿ ಇಬ್ಬರಿಗೂ ಅನುಕೂಲವಾಗಿದೆ. ಅವರು ತೊಳೆಯಬೇಕಾಗಿಲ್ಲ, ನಾವು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ.

"ಹಿಂದೆ ಒಬ್ಬ ಬಂದಿದ್ದ" ಅಂದರು, ತಾವೂ ಬಾಗಿಲ ಹತ್ತಿರ ಕೂರುತ್ತ. "ಪಾಪ, ಇಲ್ಲೇ ಹೋಗಿಬಿಟ್ಟ. ಅವನಿಗೂ ಹೀಗೇ ಮಜ್ಜಿಗೆ ಕೊಟ್ಟಿದ್ದೆ. ಅವತ್ತೂ ಆರು ಸೀಸೆ ಹುಯ್ದಿದ್ದೆ. ಮನುಷ್ಯರಲ್ವೇ ಅವರೂ, ಆ ನಾತದಲ್ಲಿ ಹ್ಯಾಗಪ್ಪ ಇಳೀತಾರೆ ಅಂತ ನನಗೆ ಪಾಪ ಅನ್ನಿಸೋದು."

ಮಜ್ಜಿಗೆಗೆ ಇಂಗು ಹಾಕಿದ್ದರೇನೋ, ನನಗೆ ಗೊತ್ತಾಗಲಿಲ್ಲ. ಕುಡಿದು ಮುಗಿಸಿದೆ.

"ಅವ್ನು ಕುಡ್ದಿದ್ನಂತಲ್ಲ" ಅಂದೆ.

"ಯಾರು ಹೇಳಿದ್ದು? ಕುಡಿದದ್ದು ಅವನ ಜೊತೆಗಿದ್ದವನು. ಇಡೀ ಸೀಸೆ ಅವನೇ ಮುಗಿಸಿ ಹಿತ್ತಲ ತೆಂಗಿನ ಬುಡದಲ್ಲಿ ಬಿದ್ದುಕೊಂಡ. ಇವನಿಗೂ ಕೊಡೋಕೆ ಹೋದ. ಬೇಡ, ಮಗಳ ಮೇಲೆ ಆಣೆ ಇದೆ ಅಂದ. ನಾನು ಅಡುಗೆಮನೆ ಕಿಟಕಿಯಿಂದ ನೋಡ್ತಾ ಇದ್ದೆ. ಒಬ್ಬನೇ ಹಗ್ಗ ಕಟ್ಟಿಕೊಂಡ, ಒಬ್ಬನೇ ಇಳಿದ."

"ಯಾರ್ಗೂ ಏಳ್ಲಿಲ್ವಾ ಅಮ್ಮಾವ್ರೇ?"

"ನನ್ನನ್ನ ಯಾರು ಕೇಳಿದ್ರು? ಪೊಲೀಸಿನವರು ಬಂದ್ರು, ನಮ್ಮನೆಯವರ ಹತ್ರ ಮಾತಾಡಿದ್ರು, ಹೋದ್ರು. ನಾನು ಒಳಗಿದ್ದೆ."

ನಾಲ್ಕು ವರ್ಷ ನಾವು ಹುಡುಕದೇ ಬಿಟ್ಟ ಮಾತು ಈ ಅಡುಗೆಮನೆಯ ಕಿಟಕಿಯಲ್ಲಿ ಕೂತಿತ್ತು. ಅಣ್ಣ ಕುಡಿದಿರಲಿಲ್ಲ ಅಂತ ಹೇಳಿದ ಬಾಯಿಯೇ ಅಣ್ಣ ಹೇಗೆ ಸತ್ತ ಅಂತಲೂ ಹೇಳಿತು, ತಾನು ಹೇಳಿದ್ದು ಏನು ಅಂತ ಮಾತ್ರ ಅದಕ್ಕೆ ತಿಳಿಯದು. ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿ ಅಂತ ಕಾದೆ. ಬರಲಿಲ್ಲ. ಖಾಲಿ ಲೋಟ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ರುದ್ರಯ್ಯ ಹಾರನ್ ಮಾಡಿದ.

"ಅಮ್ಮಾವ್ರೇ, ಇನ್ಮ್ಯಾಲೆ ಆಸಿಡ್ ಉಯ್ಬ್ಯಾಡಿ" ಅಂದೆ.

"ಯಾಕಪ್ಪಾ?"

"ಪೈಪು ತಿಂದಾಕ್ತದೆ."

"ಅಯ್ಯೋ, ಹೌದೇ" ಅಂದರು. ನಿಜವಾಗಿ ಗಾಬರಿಯಾದರು, ಪೈಪಿನ ಬಗ್ಗೆ.

ಪೈಪು ಇಳಿಸಿ ಹೀರಿಸಿದೆವು. ಗಾಡಿ ತುಂಬಿತು, ಗುಂಡಿಯಲ್ಲಿ ಇನ್ನೊಂದು ಲೋಡ್ ಉಳಿಯಿತು. ನಾಳೆ ಬೆಳಗ್ಗೆ ಬರುತ್ತೇವೆ ಅಂತ ಗಿರಿಧರ ಅವರಿಗೆ ಹೇಳಿ ಹೊರಟೆವು.

ಸಂಜೆ ಮನೆಗೆ ಬಂದಾಗ ಅವ್ವ ಕಜ್ಜಾಯದ ಪಾಕ ಕಟ್ಟಿ ಆರಲು ಇಟ್ಟಿದ್ದಳು. ಕ್ವಾರ್ಟರ್ ಸೀಸೆ ಆಗಲೇ ತರಿಸಿ ಅಟ್ಟಣೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ಇಟ್ಟಿದ್ದಳು. ಶೋಭಿತಾ ಬಾಗಿಲಲ್ಲಿ ಕೂತು ಲೆಕ್ಕ ಮಾಡುತ್ತಿತ್ತು, ಕೂದಲು ಕೆದರಿಕೊಂಡು. ಅತ್ತಿಗೆ ಇನ್ನೂ ಬಂದಿರಲಿಲ್ಲ.

ಕೈಕಾಲು ತೊಳೆದುಕೊಂಡು ಅವ್ವನ ಎದುರಿಗೆ ಕೂತು ಎಲ್ಲ ಹೇಳಿದೆ. ಏನೂ ಬಿಡಲಿಲ್ಲ, ಏನೂ ಸೇರಿಸಲಿಲ್ಲ. ಸರ್ಕಾರಿ ಕಾಗದ ಓದುವ ಹಾಗೆ ಹೇಳಿದೆ ಅಂತ ಕಾಣುತ್ತದೆ.

ಅವ್ವ ಅಳಲಿಲ್ಲ. ಪಾಕದ ಪಾತ್ರೆಗೆ ತಟ್ಟೆ ಮುಚ್ಚಿದಳು.

"ಅಂಗಾರೆ ಅವತ್ತು ಏನ್ ಕುಡ್ದಿದ್ದ ನನ್ ಮಗ?"

"ಮಜ್ಜಿಗೆ ಕಣವ್ವ. ಒಂದು ಲೋಟ ಮಜ್ಜಿಗೆ."

"ಮಜ್ಜಿಗೆ" ಅಂದಳು. ಅಣ್ಣನ ಫೋಟೋದ ಕಡೆ ತಿರುಗಿದಳು. "ಸತ್ತೋನ್ನ ನಾಕು ವರ್ಸ ಬೈದ್ಬುಟ್ನಲ್ಲಾ ಮಗ."

ಆಮೇಲೆ ನನ್ನ ಕಡೆ ತಿರುಗಿದಳು.

"ಆವಮ್ಮಂಗೆ ಯೋಳ್ದಾ?"

"ಇಲ್ಲ. ವಯಸ್ಸಾಗದೆ. ಒಳ್ಳೇದೇ ಮಾಡ್ದೆ ಅನ್ಕೊಂಡವ್ಳೆ."

"ನಾಳಿಕೆ ಓಯ್ತೀಯಲ್ಲ, ಯೋಳು. ಬೈಬ್ಯಾಡ, ಆದ್ರೆ ಯೋಳು. ಪೈಪು ಅಂತೆ ಪೈಪು. ಪೈಪು ಆಳಾಯ್ತದೆ ಅಂದ್ರೆ ಎಲ್ಡು ದಿನ ಬುಡ್ತಳೆ, ಆಮ್ಯಾಕೆ ಇನ್ನೊಬ್ರ ಮಗ ಬಂದಾಗ ಪಾಪ ಅಂತ ತಿರ್ಗ ಉಯ್ತಳೆ."

ಅದು ನನಗೆ ಹೊಳೆದಿರಲಿಲ್ಲ. ಎರಡು ದಿನ ತರಬೇತಿ ತಗೊಂಡವನು ನಾನು.

ಅವ್ವ ಎದ್ದು ಅಟ್ಟಣೆಯಿಂದ ಸೀಸೆ ತೆಗೆದು ನನ್ನ ಕೈಗೆ ಕೊಟ್ಟಳು. "ಇದ ಎಲ್ಲಾರ ಉಯ್ದ್ಬುಟ್ಟು ಬಾ. ನಾಳೆ ಬರ್ವಾಗ ಎಡೆಗೆ ಮೊಸ್ರು ತಕಂಡ್ಬಾ."

ಬೇಲಿಯಾಚೆ ಹೋಗಿ ಸುರಿದು, ಸೀಸೆಯನ್ನು ತಿಪ್ಪೆಗೆ ಎಸೆದು ಬಂದೆ. ಬರುವಷ್ಟರಲ್ಲಿ ಅವ್ವ ಹೊಸಿಲ ಮೇಲೆ ಕೂತಿದ್ದಳು. ಶೋಭಿತಾಳನ್ನು ಮುಂದೆ ಕೂರಿಸಿಕೊಂಡು ಅಂಗೈಗೆ ಎಣ್ಣೆ ಹುಯ್ದುಕೊಂಡಿದ್ದಳು. ಕೈ ಕೂಸಿನ ತಲೆಯ ಹತ್ತಿರ ಹೋಗಿ ನಿಂತಿತ್ತು. ಎಣ್ಣೆ ಬೆರಳ ಸಂದಿಯಿಂದ ಅವಳ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಜ್ಜಿ, ಹಚ್ಚು" ಅಂದಿತು ಕೂಸು, ಪುಸ್ತಕದಿಂದ ತಲೆ ಎತ್ತದೆ.

ಅವ್ವ ಕೈ ಇಟ್ಟಳು. ಎರಡೂ ಕೈ ಇಟ್ಟಳು. ಆಮೇಲೆ ತಿಕ್ಕತೊಡಗಿದಳು, ತಿಕ್ಕುತ್ತಲೇ ಇದ್ದಳು. ಕತ್ತಲಾಗಿ ದೀಪ ಹಾಕಿದರೂ, ಸಾಕು ಬಿಡಜ್ಜಿ ಅಂತ ಕೂಸು ಅಂದರೂ ಬಿಡಲಿಲ್ಲ. ಕೊಬ್ಬರಿ ಎಣ್ಣೆ. ಮನೆಯೆಲ್ಲ ಘಮ್ಮೆಂದಿರಬೇಕು. ನನಗೆ ವಾಸನೆ ಬರಲಿಲ್ಲ. ನಾನು ಬಾಗಿಲಲ್ಲಿ ನಿಂತು, ನಾಳೆ ಆ ಜಗಲಿಯ ತುದಿಯಲ್ಲಿ ಕೂತು ಮೊದಲ ಮಾತು ಏನು ಆಡುವುದು ಅಂತ ಯೋಚಿಸುತ್ತಿದ್ದೆ.