ಎಡಬಾಗಿಲು

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ಗೋಪನಕೊಪ್ಪದಲ್ಲಿ ಯಾರನ್ನಾದರೂ ಕೇಳಿ. ಶಾಂತಯ್ಯನವರ ದೇಹವನ್ನು ಶವದ ಗಾಡಿಯೊಳಗೆ ತೂರಿಸಲು ನಾಲ್ವರು ಮೂರನೆಯ ಸಲ ಒದ್ದಾಡುತ್ತಿದ್ದರು. ಮೂರನೆಯ ಸಲವೂ ಅವರ ಹಣೆ ಗಾಡಿಯ ಚಾವಣಿಗೆ ತಾಗಿ ವಿಭೂತಿ ಉದುರಿತು.

ತಪ್ಪು ಶಾಂತಯ್ಯನವರ ಅಣ್ಣನ ಮಗ ಶಶಿಕಾಂತನದು. ಫೋನ್ ಮಾಡಿ ಗಾಡಿ ಕರೆಸಿದವನು, ಸತ್ತವರನ್ನು ಮಲಗಿಸಿಲ್ಲ, ಕೂಡಿಸಿದ್ದಾರೆ ಎಂದು ಹೇಳಿರಲಿಲ್ಲ. ಬಂದದ್ದು ಮಲಗಿಸಿ ಒಯ್ಯುವ ಗಾಡಿ. ಶಾಂತಯ್ಯನವರನ್ನೋ ಲಿಂಗಾಯತ ಪದ್ಧತಿಯಂತೆ ನಸುಕಿನಲ್ಲೇ ಕಾಲು ಮಡಚಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಈಗ ಹಾಗೆಯೇ ಸೆಟೆದಿದ್ದರು. ಮಣ್ಣು ಮಾಡುವುದು ಗರಗದ ಹೊಲದಲ್ಲಿ. ಸ್ವಾಮಿಗಳು ಆಗಲೇ ಅಲ್ಲಿ ಬಂದು ಕಾಯುತ್ತಿದ್ದರು.

“ಸ್ವಲ್ಪ ಮಲಗಿಸಿದ್ರ ಆತಲ್ರಿ,” ಎಂದ ಗಾಡಿಯ ಡ್ರೈವರ್.

“ನಿನ್ನ ಮಲಗಸ್ತೇನಿ ಈಗ,” ಎಂದಳು ಈರವ್ವ. ಗಂಡ ಹೋದ ಮೇಲೆ ಅವಳಾಡಿದ ಮೊದಲ ಮಾತು ಅದು.

ಮೆಕ್ಯಾನಿಕ್ ಮಕಬೂಲಸಾಬ ಕೆಮ್ಮಿದ. “ವೈನೀ, ನನ್ನ ಗಾಡಿ ಐತಲ್ರಿ. ಮುಂದಿನ ಸೀಟಿನ್ಯಾಗ ಆರಾಮ ಕುಂದರ್ತಾರ.”

ಮಕಬೂಲನ ಆ ಬಿಳಿ ಕಾರಿನ ಸುದ್ದಿ ಎಲ್ಲರಿಗೂ ಗೊತ್ತಿತ್ತು.

*

ಶಾಂತಯ್ಯ ಗೋಕುಲ ರಸ್ತೆಯ ಒಂದು ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಹಳೆಯ ಕಾರು ಮಾರಿದವರು. ಕೆಲಸ ಬಿಟ್ಟ ಮೇಲೆ ಊರಿಗೆಲ್ಲ ಪುಕ್ಕಟೆ ಕಾರು ನೋಡಿಕೊಡುತ್ತಿದ್ದರು.

“ಮೀಟರ್ ನೋಡಬ್ಯಾಡ್ರಿ, ಅದನ್ನ ನಾನ ಹಿಂದಕ್ಕ ತಿರುವೇನಿ. ಬ್ರೇಕಿನ ಪೆಡಲ್ ನೋಡ್ರಿ, ರಬ್ಬರ್ ಎಷ್ಟ ಸವದೈತಿ ಅಂತ. ಚಾಲೂ ಮಾಡೂಕಿಂತ ಮೊದ್ಲ ಬಾನೆಟ್ ಮುಟ್ರಿ. ಬೆಚ್ಚಗಿತ್ತಂದ್ರ ಮಾರಾಂವ ನಸುಕಿನ್ಯಾಗ ಎದ್ದು ಅದನ್ನ ರಮಿಸ್ಯಾನ ಅಂತ ತಿಳೀರಿ. ಒಳಗ ಊದಿನಕಡ್ಡಿ ವಾಸನಿ ಬಂತಂದ್ರ ಮ್ಯಾಟ್ ಎತ್ರಿ, ನೀರ ಹೊಕ್ಕಿರ್ತೈತಿ.”

ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ. ಬಾಗಿಲಿಗೆ ಹಚ್ಚಿದರೆ ಕಚ್ಚಿಕೊಳ್ಳಬೇಕು. ಬಿದ್ದರೆ ಬಣ್ಣದ ಕೆಳಗಿರುವುದು ತಗಡಲ್ಲ, ಪುಟ್ಟಿ; ಅಂದರೆ ಗಾಡಿ ಎಲ್ಲೋ ಬಡಿದಿದೆ.

ಹೀಗೆ ಊರಿಗೆಲ್ಲ ಕಾರಾಯಿತು, ಈರವ್ವನಿಗೆ ಆಗಲಿಲ್ಲ. ಸ್ವಂತ ಕಾರಿನ ಮುಂದಿನ ಸೀಟಿನಲ್ಲಿ ಕೂರಬೇಕೆಂಬುದು ಅವಳ ಒಂದೇ ಆಸೆ. ನಲವತ್ತೊಂದು ಕಾರು ನೋಡಿ ನಲವತ್ತೊಂದನ್ನೂ ಶಾಂತಯ್ಯ ಬೇಡವೆಂದಿದ್ದರು. ನಲವತ್ತೆರಡನೆಯದು ಮಕಬೂಲನ ಬಿಳಿ ಕಾರು. ಈರವ್ವ ಹೂವಿನ ಹಾರ ಹಿಡಿದುಕೊಂಡೇ ನಿಂತಿದ್ದಳು.

ಅಯಸ್ಕಾಂತ ಎಡಬಾಗಿಲಿನಿಂದ ಜಾರಿ ಬಿತ್ತು.

“ಬಡದೈತಿ,” ಎಂದರು ಶಾಂತಯ್ಯ. ಬಾಗಿಲು ಎಳೆದರು, ಚಿಲಕ ಹಿಡಿಯಲಿಲ್ಲ. “ನೋಡು, ಒಂದ ಸಲಕ್ಕ ಬೀಳವಲ್ದು.”

“ಅಲ್ಲಾನ ಆಣಿ ಅಯ್ನಾರ, ಬಡದಿಲ್ರಿ!”

“ನಾನೂ ದಿನಾ ದೇವರ ಆಣಿ ಮಾಡೇ ಮಾರೇನಿ.”

“ಬಡದ್ರ ಬಡೀಲಿ ಬಿಡ್ರಿ,” ಎಂದಳು ಈರವ್ವ. “ನಾ ಏನ ಅದರ ಸಂಗಾಟ ಸೋಯರಿಕಿ ಮಾಡಾಕತ್ತೇನೇನು?”

“ಮುಂದಿಂದು ನೋಡೂಣು.”

ಹಾರ ಮನೆಯ ಬಾಗಿಲಿಗೇ ತೂಗಿ ಒಣಗಿತು. ಮಕಬೂಲ ಹಟಕ್ಕೆ ಬಿದ್ದು ಹನ್ನೊಂದು ವರ್ಷ ಆ ಕಾರನ್ನು ಯಾರಿಗೂ ಮಾರಲಿಲ್ಲ.

*

ಈಗ ಅದೇ ಕಾರಿನಲ್ಲಿ ಶಾಂತಯ್ಯ ಅಳತೆ ಕೊಟ್ಟು ಮಾಡಿಸಿದಂತೆ ಕೂತರು. ಶಶಿಕಾಂತ ಬೆಲ್ಟು ಬಿಗಿದು ಬಾಗಿಲು ಹಾಕಿದ. ಅದು ಬೀಳಲಿಲ್ಲ. ಎಲ್ಲರೂ ಶಾಂತಯ್ಯನವರ ಮುಖ ನೋಡಿದರು.

ಎರಡನೆಯ ಸಲಕ್ಕೆ ಬಿತ್ತು. ಈರವ್ವ ಹಿಂದಿನ ಸೀಟಿನಲ್ಲಿ ಕೂತು, ಗಂಡ ವಾಲದಂತೆ ಭುಜ ಹಿಡಿದುಕೊಂಡಳು.

“ಸತ್ತ ಮ್ಯಾಲೂ ಮುಂದಿನ ಸೀಟು ಇವರಿಗೇ,” ಎಂದಳು.

ಧಾರವಾಡದಲ್ಲಿ ಪೊಲೀಸನೊಬ್ಬ ಕೈ ಅಡ್ಡ ಮಾಡಿದ. ವಿಭೂತಿ ಕಂಡು ಶಾಂತಯ್ಯನವರಿಗೆ ಕೈ ಮುಗಿದ. ಆಮೇಲೆ ಮಕಬೂಲನಿಗೆ, “ಅಜ್ಜಾರು ನೋಡ್ರಿ, ಛಲೋತ್ನಾಗಿ ಬೆಲ್ಟ್ ಹಾಕ್ಕೊಂಡಾರ. ನಿಮಗೇನ ಧಾಡಿ?”

“ಲಗೂ ಹಾಕ್ಕೊ ಮಕಬೂಲಣ್ಣಾ,” ಎಂದಳು ಈರವ್ವ, “ಇವರು ಇಳದು ಬಾನೆಟ್ ಮುಟ್ಟೂದ್ರಾಗ.”

ಗರಗದಲ್ಲಿ ಎಲ್ಲ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಗಂಡನ ಜೊತೆಗಿಡಲೆಂದು ಅಯಸ್ಕಾಂತವನ್ನು ಮುಷ್ಟಿಯಲ್ಲೇ ತಂದಿದ್ದ ಈರವ್ವ, ಕುಣಿಯೊಳಗೆ ಎಲ್ಲರೂ ಪತ್ರಿ ಹಾಕಿದಾಗ ತಾನೂ ಪತ್ರಿಯನ್ನಷ್ಟೇ ಹಾಕಿದಳು.

ಮಂದಿ ಚದುರಿದರು. ಕಾರಿನ ಹತ್ತಿರ ಮಕಬೂಲ ಟೋಪಿ ತೆಗೆದು, ಮತ್ತೆ ಹಾಕಿಕೊಂಡ.

“ವೈನೀ, ಈ ಗಾಡಿ ಇನ್ನ ನಿಮ್ಮದ್ರಿ. ಆದ್ರ ಕೊಡೂಕಿಂತ ಮೊದ್ಲ ಒಂದ ಖರೇ ಹೇಳತೇನಿ. ಅಯ್ನಾರು ಅಂದಿದ್ದ ಖರೇರಿ, ಆ ಬಾಗಲಾ ಬಡದಿತ್ತು. ಘಟ್ಟದಾಗ ಬರಾಕತ್ತಿದ್ನಿ, ಎದುರಿಗೆ ಒಂದ ಲಾರಿ, ಲಾರ‍್ಯಾಗ ಒಂದ ಆನಿ, ಸುಳ್ಳಲ್ರಿ ವೈನಿ, ಆನಿ ನನ್ನ ನೋಡಿ ಸೊಂಡಿ ಹಿಂಗ ಎತ್ತಿದ್ದ ತಡ, ನಾ ಸ್ಟೇರಿಂಗ್ ಹಿಂಗ…”

ಸ್ಟೇರಿಂಗ್ ತಿರುವಲು ಚಾಚಿದ ಅವನ ಅಂಗೈಯಲ್ಲಿ ಅಯಸ್ಕಾಂತವನ್ನಿಟ್ಟು ಈರವ್ವ ಕಾರಿನ ಎಡಬಾಗಿಲಿನತ್ತ ನಡೆದೇಬಿಟ್ಟಳು.

ಮುಂದಿನ ಸೀಟಿಗೆ ಶಾಂತಯ್ಯನವರ ಬೆನ್ನಿನಗಲ ವಿಭೂತಿ ಮೆತ್ತಿತ್ತು. ಅವಳು ಅದನ್ನು ಕೊಡವಲಿಲ್ಲ. ಒರಗಿ ಕೂತಳು, ಬೆಲ್ಟು ಹಾಕಿಕೊಂಡಳು, ಬಾಗಿಲು ಎಳೆದಳು.

ಬೀಳಲಿಲ್ಲ. ಮತ್ತೊಮ್ಮೆ ಎಳೆದಳು.