ಬೆಣ್ಣೆಗಾಲಿನವರ ವ್ಯಾನು

"ಕೇಳಿಸ್ಕೊಂಡ್ಯಾ? ಮತ್ತೆ ಏರ್ತು ನೋಡು," ಎಂದರು ಭಾವ, ಡ್ರೈವರ್ ಸೀಟಿನಿಂದ ಕತ್ತು ಹೊರಗೆ ಹಾಕಿ.

ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತಿದ್ದ ಮೆಕ್ಯಾನಿಕ್‌ಗೆ ಕೇಳಿಸದೆ ಏನು? ಡೀಸೆಲ್ ಇಂಜಿನ್ನು ಗುರ್ರೆಂದು ಏರಿ, ದಮ್ಮು ಕಟ್ಟಿದವರ ಹಾಗೆ ಕುಸಿದು, ಮತ್ತೆ ಏರುತ್ತಿತ್ತು. ಅದು ಏರಿದಾಗಲೆಲ್ಲ ಗ್ಯಾರೇಜಿನ ತಗಡಿನ ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳೂ ಅಲುಗಿ ಕಿಣಿಕಿಣಿ ಎನ್ನುತ್ತಿದ್ದವು.

"ಕಾಲು ಪೆಡಲ್ ಮೇಲಿಲ್ಲ ತಾನೇ ಭಾವ?"

"ಇಲ್ಲಪ್ಪಾ. ಸುಮ್ನೆ ಕೂತಿದೀನಿ. ತಾನೇ ರೇಸ್ ಆಗ್ತಿದೆ."

ಈ ಕಾಯಿಲೆಗೆ ಅವನು ಮಾಡದ ಮದ್ದಿರಲಿಲ್ಲ. ಡೀಸೆಲ್ ಫಿಲ್ಟರ್ ಬದಲಾಯಿಸಿದ್ದ. ಪೈಪಿನಲ್ಲಿ ಗಾಳಿ ಸೇರಿಕೊಂಡಿರಬಹುದೆಂದು ನಡುವೆ ಪಾರದರ್ಶಕ ಟ್ಯೂಬು ಹಾಕಿ ಗಂಟೆಗಟ್ಟಲೆ ದಿಟ್ಟಿಸಿದ್ದ. ಒಂದು ಗುಳ್ಳೆಯೂ ಕಂಡಿರಲಿಲ್ಲ. ಇಂಜಿನ್ನಿಗೆ ಡೀಸೆಲ್ ಊಡುವ ಪಂಪನ್ನು ಕಳಚಿ, ಅದನ್ನೇ ರಿಪೇರಿ ಮಾಡುವವನ ಹತ್ತಿರ ಕೊಟ್ಟಿದ್ದ. ಆತ ಮಿಷನ್ನಿಗೆ ಹಾಕಿ ನೋಡಿ, "ಇದಕ್ಕೇನಾಗಿದೆ ದಾಡಿ, ಕಲ್ಲು ಗುಂಡಿನ ಹಾಗಿದೆ," ಎಂದು ವಾಪಸು ಕಳಿಸಿದ್ದ. ಮೆಕ್ಯಾನಿಕ್ ತಾನೇ ಓಡಿಸಿ ನೋಡಿದಾಗ ವ್ಯಾನು ಮಾತಾಡದೆ ಹೋಗಿ ಮಾತಾಡದೆ ಬರುತ್ತಿತ್ತು.

"ನಿನ್ನ ಮುಂದೆ ಹೊಸ ಸೊಸೆ ಥರ ತಗ್ಗಿ ಬಗ್ಗಿ ನಡಿಯುತ್ತೆ," ಎಂದು ಭಾವ ನಕ್ಕಿದ್ದರು. "ನನ್ನ ಕೈಗೆ ಬಂದ ಕೂಡ್ಲೇ ಅತ್ತೆ ಆಗಿಬಿಡುತ್ತೆ."

ಆ ನಗು ನಿನ್ನೆಗೆ ಮುಗಿದಿತ್ತು. ಭಾವ ಬೆಳಗಿನ ಪಾಳಿಯ ಹೆಂಗಸರನ್ನು ನೂಲಿನ ಮಿಲ್ಲಿಗೆ ಕರೆದೊಯ್ದು, ಪಾಳಿ ಮುಗಿದ ಮೇಲೆ ಮನೆಗೆ ಬಿಡುವವರು. ನಿನ್ನೆ ಗೇಟಿನ ಮುಂದೆ ನಿಲ್ಲಿಸಲು ಹೋದಾಗ ವ್ಯಾನು ಅಬ್ಬರಿಸಿ ಮುಂದಕ್ಕೆ ಹಾರಿ, ಕಾವಲುಗಾರನ ಸ್ಟೂಲನ್ನು ಗೋಡೆಗೆ ಒತ್ತಿ ಪುಡಿ ಮಾಡಿತ್ತು. ಅವನು ನೀರು ಕುಡಿಯಲೆಂದು ಆಗಷ್ಟೇ ಎದ್ದು ಹೋಗಿದ್ದ. ಒಳಗೆ ತೂಕಡಿಸುತ್ತಿದ್ದ ಒಬ್ಬಾಕೆಯ ಹಣೆ ಮುಂದಿನ ಸರಳಿಗೆ ಬಡಿದು ಊದಿತ್ತು. ಅವಳು ಬೈದಿರಲಿಲ್ಲ. ಭಾವನನ್ನು ಅದೇ ಹೆಚ್ಚು ಕಾಡಿತ್ತು.

ಆ ಹೆಂಗಸರೇ ಅವರಿಗೆ ಬೆಣ್ಣೆಗಾಲು ಎಂದು ಹೆಸರಿಟ್ಟವರು. ಬ್ರೇಕ್ ಹಾಕಿದ್ದೂ ಗೊತ್ತಾಗುವುದಿಲ್ಲ, ಹೊರಟಿದ್ದೂ ಗೊತ್ತಾಗುವುದಿಲ್ಲ, ಮನೆಯ ನಿದ್ದೆಯನ್ನು ಮಿಲ್ಲಿನ ತನಕ ಹಾಗೇ ಕೊಂಡೊಯ್ಯಬಹುದು ಎನ್ನುತ್ತಿದ್ದರು. ಅದು ಸುಳ್ಳಲ್ಲವೆಂದು ಮೆಕ್ಯಾನಿಕ್ ಬಲ್ಲ. ಅಪ್ಪ ತೀರಿಕೊಂಡ ಮೇಲೆ ಅಕ್ಕನ ಸೆರಗು ಹಿಡಿದುಕೊಂಡೇ ಅವನೂ ಭಾವನ ಮನೆ ಸೇರಿದ್ದ. ಮೊದಲ ಸಲ ಸ್ಟೀರಿಂಗ್ ಮುಂದೆ ಕೂರಿಸಿದಾಗ ಭಾವ ಹೇಳಿದ್ದರು: "ಚಪ್ಪಲಿ ಬಿಡು. ಪೆಡಲ್ ತುಳಿಯೋದಲ್ಲ ಕಣೋ, ಮುಟ್ಟೋದು. ಮಲಗಿರೋ ಮಗು ಹಣೆ ಮುಟ್ಟಿ ನೋಡ್ತೀವಲ್ಲ, ಜ್ವರ ಇದೆಯಾ ಅಂತ, ಹಾಗೆ."

ಇಂಜಿನ್ನು ಮತ್ತೆ ಏರಿತು. ಅವನು ಎಣ್ಣೆಕೈ ಒರೆಸಿಕೊಂಡ. ಉಳಿದದ್ದು ಒಂದೇ: ಪೆಡಲಿನಿಂದ ಪಂಪಿನ ತನಕ ಬರುವ ಆಕ್ಸಿಲರೇಟರ್ ವೈರು. ಎಲ್ಲೋ ಹೊರಕವಚದೊಳಗೆ ಎಳೆ ಬಿಟ್ಟು ಸಿಕ್ಕಿಕೊಳ್ಳುತ್ತಿರಬಹುದು. ಪಂಪಿನ ಹತ್ತಿರ ಅದರ ತುದಿಯ ಕೊಂಡಿಯನ್ನು ಕಳಚಿ ವೈರನ್ನು ಬೆರಳುಗಳ ನಡುವೆ ಹಿಡಿದುಕೊಂಡ.

ಇಂಜಿನ್ನು ಕೂಡಲೇ ಇಳಿಯಿತು. ಟಕಟಕ ಎಂದು ಒಂದೇ ಸಮ ಓಡತೊಡಗಿತು. ಗೋಡೆಯ ಸ್ಪ್ಯಾನರುಗಳು ಸುಮ್ಮನಾದವು.

"ಹಾಂ," ಎಂದರು ಭಾವ. ದನಿಯಲ್ಲಿ ಖುಷಿ ತುಂಬಿತ್ತು. "ಸಿಕ್ತಾ? ಏನ್ ಮಾಡ್ದೆ?"

ಅವನು ತನ್ನ ಕೈಯನ್ನೇ ನೋಡುತ್ತಿದ್ದ. ಬೆರಳುಗಳ ನಡುವೆ ವೈರು ಮಿಸುಕುತ್ತಿತ್ತು. ಬಿಗಿಯಾಗಿ ಒಳಕ್ಕೆ ಜಗ್ಗಿತು, ಸಡಿಲಾಯಿತು, ಮತ್ತೆ ಜಗ್ಗಿತು. ಗಾಳದ ದಾರಕ್ಕೆ ಮೀನು ಬಾಯಿ ಹಾಕಿದ ಹಾಗೆ.

"ಭಾವ, ಕಾಲು ಎಲ್ಲಿದೆ?"

"ಕೆಳಗಿದೆ. ಆಗ್ಲೇ ಹೇಳಿದ್ನಲ್ಲ."

ವೈರು ಜಗ್ಗಿತು.

"ಒಂದು ಸಲ ಪೆಡಲ್ ಮೇಲಿಡಿ. ಅರ್ಧಕ್ಕೆ ಒತ್ತಿ, ಅಲ್ಲಾಡಿಸದೆ ಹಿಡ್ಕೊಳ್ಳಿ."

"ಹೂಂ. ಹಿಡ್ಕೊಂಡೆ. ಕಲ್ಲಿನ ಹಾಗಿದೆ ನೋಡು."

ವೈರು ಅವನ ಬೆರಳುಗಳ ನಡುವೆ ನಡುಗುತ್ತ ಒಳಕ್ಕೂ ಹೊರಕ್ಕೂ ಸರಿದಾಡಿತು.

"ಈಗ ಪೂರ್ತಿ ತೆಗೀರಿ."

"ತೆಗೆದೆ."

ವೈರು ಬಿಗಿದೇ ಇತ್ತು.

ಅವನು ಅದನ್ನು ಹಿಡಿದುಕೊಂಡೇ ನಿಂತ. ಬಾನೆಟ್ಟು ಎತ್ತಿದ್ದರಿಂದ ಭಾವನ ಮುಖ ಅವನಿಗೆ ಕಾಣುತ್ತಿರಲಿಲ್ಲ, ಅವನ ಮುಖ ಭಾವನಿಗೆ ಕಾಣುತ್ತಿರಲಿಲ್ಲ. ಕೊಂಡಿಯನ್ನು ವಾಪಸು ಸಿಕ್ಕಿಸಿ, ಇನ್ನೂ ಎರಡು ದಿನ ಬೇಕು ಭಾವ, ಎಂದುಬಿಡಬಹುದು ಅನ್ನಿಸಿತು. ಆಮೇಲೆ ಆ ಸ್ಟೂಲು ನೆನಪಾಯಿತು. ವೈರನ್ನು ಹಾಗೇ ಬಿಟ್ಟು ಬಂದು ಡ್ರೈವರ್ ಬಾಗಿಲು ತೆಗೆದ. ಬಗ್ಗಿ ನೋಡಿದ. ಭಾವನ ಬರಿಯ ಬಲಗಾಲು ಪೆಡಲಿನ ಮೇಲೇ ಇತ್ತು. ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂತಿದ್ದ ಭಾವ ರಸ್ತೆ ನೋಡುವವರ ಹಾಗೆ ಎದುರಿನ ಗೋಡೆ ನೋಡುತ್ತಿದ್ದರು.

"ಸರಿಹೋಯ್ತಲ್ಲ ಬಿಡು," ಎಂದರು. "ಎಷ್ಟು ಚೆನ್ನಾಗಿ ಓಡ್ತಿದೆ."

"ವೈರ್ ಬಿಚ್ಚಿದೀನಿ ಭಾವ. ಅದಕ್ಕೇ ಓಡ್ತಿದೆ."

ಭಾವ ಕೆಳಗೆ ನೋಡಿದರು. ತಮ್ಮ ಕಾಲನ್ನು ಪೆಡಲಿನ ಮೇಲೆ ಕಂಡರು. ಅದನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟು, ಕೀಲಿ ತಿರುಗಿಸಿ ಇಂಜಿನ್ ಆರಿಸಿದರು.

ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಆ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡ. ತಣ್ಣಗಿತ್ತು. ಹಿಮ್ಮಡಿಯ ಪಕ್ಕದಲ್ಲಿ ಹಳೆಯದಲ್ಲದ ಗಾಯ, ಅದರೊಳಗೆ ಗ್ಯಾರೇಜಿನ ಕಬ್ಬಿಣದ ಪುಡಿ. ಯಾವಾಗ ಆಯಿತೆಂದು ಕೇಳಿದ. ಗಾಯ ಇದೆಯಾ, ಎಂದು ಭಾವ ತಿರುಗಿ ಕೇಳಿದರು.

"ಯಾವ ಬೆರಳು ಹಿಡಿದಿದೀನಿ, ಹೇಳಿ."

ಭಾವ ಕಣ್ಣು ಮುಚ್ಚಿ ಯೋಚಿಸಿದರು. ಪರೀಕ್ಷೆಯಲ್ಲಿ ಉತ್ತರ ಮರೆತ ಮಗುವಿನ ಹಾಗೆ ತುಟಿಗಳು ಅಲ್ಲಾಡಿದವು.

"ಹೆಬ್ಬೆರಳು."

ಅವನ ಕೈಯಲ್ಲಿದ್ದದ್ದು ಕಿರುಬೆರಳು. "ಹೂಂ," ಎಂದ.

"ಸುಳ್ಳು ಹೇಳ್ಬೇಡ."

ಬಿಸಿ ಇಂಜಿನ್ನು ತಣ್ಣಗಾಗುತ್ತ ಎಲ್ಲೋ ಟಿಕ್ ಎಂದಿತು.

"ಸಕ್ಕರೆ ಕಾಯಿಲೆ ಇದೆ ಅಂತ ಡಾಕ್ಟ್ರು ಹೇಳಿ ಬಹಳ ವರ್ಷ ಆಯ್ತು," ಎಂದರು ಭಾವ. "ಮೊದಮೊದಲು ಜುಮುಜುಮು ಅಂತಿತ್ತು. ಆಮೇಲೆ ಕಾಲ್ಚೀಲ ಹಾಕ್ಕೊಂಡ ಹಾಗೆ. ಈಗೀಗ ಏನೂ ಇಲ್ಲ. ಮೊನ್ನೆ ಮನೆಗೆ ಹೋಗೋವರೆಗೂ ಒಂದು ಚಪ್ಪಲಿ ಬಿದ್ದುಹೋಗಿರೋದೇ ಗೊತ್ತಾಗಿಲ್ಲ. ದಾರಿಯಲ್ಲಿ ಹೋಗೋರೆಲ್ಲ ನೋಡ್ತಿದ್ರು, ಯಾಕೆ ನೋಡ್ತಾರೆ ಅಂದ್ಕೊಂಡೆ."

"ಅಕ್ಕನಿಗೆ ಗೊತ್ತಾ?"

"ಗೊತ್ತಾದ್ರೆ ಕೀಲಿ ಬಚ್ಚಿಡ್ತಾಳೆ."

"ನನಗಾದ್ರೂ ಹೇಳ್ಬಹುದಿತ್ತು ಭಾವ."

"ಗಾಡೀದೇ ಇರಬಹುದು ಅಂದ್ಕೊಂಡೆ ಕಣೋ," ಎಂದರು ಭಾವ. ದನಿ ತೀರ ಇಳಿದಿತ್ತು. "ದೇವರಾಣೆ. ಪ್ರತಿ ಸಲ ನೀನು ಏನಾದ್ರೂ ಬಿಚ್ಚಿದಾಗ, ಇದೇ ಇರುತ್ತೆ, ಇದೇ ಇರುತ್ತೆ ಅಂತ ಕಾಯ್ತಿದ್ದೆ. ಗಾಡಿ ಆದ್ರೆ ನೀನು ಸರಿ ಮಾಡ್ತೀಯಲ್ಲ."

ಅವನು ಗಾಯ ತೊಳೆದು ಶುದ್ಧ ಬಟ್ಟೆ ಸುತ್ತಿದ. ನೀರು ಬಿಸಿಯೋ ತಣ್ಣಗಿದೆಯೋ ಭಾವನಿಗೆ ತಿಳಿಯಲಿಲ್ಲ. ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಎಂದಾಗ ತಲೆಯಾಡಿಸಿದರು. ಆಮೇಲೆ ಹೊರಗಿನ ಬಿಸಿಲು ನೋಡಿ, "ಹುಡುಗೀರು ಗೇಟ್ ಹತ್ರ ಬಂದು ನಿಲ್ಲೋ ಹೊತ್ತಾಯ್ತು," ಎಂದರು.

"ನಾನು ಬಿಡ್ತೀನಿ. ನೀವು ದಾರಿ ಹೇಳಿ."

ವೈರನ್ನು ಮತ್ತೆ ಪಂಪಿಗೆ ಸಿಕ್ಕಿಸಿ ಬಾನೆಟ್ಟು ಮುಚ್ಚಿದ. ಭಾವ ಇಳಿದು, ವ್ಯಾನಿನ ಮೈ ಹಿಡಿದುಕೊಂಡು ಸುತ್ತು ಬಂದು ಎಡಗಡೆ ಕೂತರು. ಮಿಲ್ಲಿನ ಗೇಟಿನಲ್ಲಿ ಹೆಂಗಸರು ಡ್ರೈವರ್ ಸೀಟು ನೋಡಿದರು, ಪಕ್ಕದ ಸೀಟು ನೋಡಿದರು, ಒಬ್ಬರ ಹಿಂದೊಬ್ಬರು ಹತ್ತಿ ಕೂತರು. ದಾರಿಯುದ್ದಕ್ಕೂ ಭಾವ ಮೆಲ್ಲಗೆ ಹೇಳುತ್ತಿದ್ದರು. "ಇಲ್ಲಿ ಹಳ್ಳ ಇದೆ, ನಿಧಾನ. ಈ ಹುಡುಗಿ ನೀರಿನ ಟ್ಯಾಂಕ್ ದಾಟಿ ಇಳೀತಾಳೆ. ಮುಂದೆ ನಾಯಿ ಮಲಗಿರುತ್ತೆ, ಹಾರ್ನ್ ಹೊಡೀಬೇಡ, ತಾನೇ ಏಳುತ್ತೆ." ಹಣೆ ಊದಿದ್ದವಳು ಇಳಿಯುವಾಗ ಕಿಟಕಿಯ ಬಳಿ ನಿಂತು, "ಬರ್ತೀನಿ ಅಣ್ಣಾ," ಎಂದಳು. ಭಾವ ಅವಳ ಹಣೆಯ ಕಡೆ ನೋಡಿ ಕೈ ಮುಗಿದರು. ಏನು ಮಾಡಬೇಕೋ ತಿಳಿಯದೆ ಅವಳೂ ಕೈ ಮುಗಿದಳು.

ಮನೆಯ ಮುಂದೆ ವ್ಯಾನು ನಿಂತಾಗ ಅಕ್ಕ ಬಾಗಿಲಿಗೆ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ದಿನದ ಅಭ್ಯಾಸದಂತೆ ನೇರ ಡ್ರೈವರ್ ಕಿಟಕಿಯ ಹತ್ತಿರ ನಡೆದಳು.

"ಸದ್ದು ಕೇಳೇ ಗೊತ್ತಾಯ್ತು," ಎಂದಳು. "ಅಂತೂ ಸರಿಹೋಯ್ತಲ್ಲ ಗಾಡಿ."

ತಲೆಯೆತ್ತಿದಾಗ ಅಲ್ಲಿ ತಮ್ಮನ ಮುಖ ಕಂಡಿತು. ಅಕ್ಕ ಅವನನ್ನು ದಾಟಿ ಆಚೆಯ ಸೀಟನ್ನು ನೋಡಿದಳು. ವ್ಯಾನಿನ ಮುಂದಿನಿಂದ ಸುತ್ತು ಹಾಕಿಕೊಂಡು ಆ ಕಡೆಗೆ ಹೋಗಿ ಬಾಗಿಲು ತೆಗೆದಳು.

ಭಾವ ಇಳಿಯಲೆಂದು ಬಟ್ಟೆ ಸುತ್ತಿದ ಕಾಲನ್ನು ಕೆಳಗೆ ಬಿಟ್ಟರು. ಕಾಲು ಮೆಟ್ಟಿಲಿನ ಆಚೆ ಈಚೆ ಗಾಳಿಯಲ್ಲಿ ತಡಕಾಡಿತು. ಅಕ್ಕ ಬಗ್ಗಿ, ಎರಡೂ ಕೈಯಲ್ಲಿ ಅದನ್ನು ಹಿಡಿದು, ಮೆಟ್ಟಿಲ ಮೇಲೆ ಇಟ್ಟಳು.